ಅಕ್ಕನ ದನಿಯ ಸಿ.ಡಿ.

ಹಾವೇರಿಯಲ್ಲಿ ನನ್ನದೊಂದು ಟೈಪಿಂಗ್ ಕ್ಲಾಸ್ ಇತ್ತು. ಎರಡು ಸಾವಿರದ ಇಸವಿ ದಾಟುವಷ್ಟರಲ್ಲಿ ಟೈಪ್‌ರೈಟರ್ ಕೇಳುವವರು ಕಡಿಮೆಯಾದರು. ಒಂದು ಕಂಪ್ಯೂಟರ್ ತಂದೆ, ಬೋರ್ಡಿನ ಮೇಲೆ ಅದನ್ನೂ ಬರೆಸಿದೆ. ಕಲಿತದ್ದು ಅರೆಬರೆ, ಬಡಾಯಿ ಮಾತ್ರ ಪೂರ್ತಿ. ಇಪ್ಪತ್ತು ವರ್ಷ ಕಾರ್ಬನ್ ಇಟ್ಟು ಹೊಡೆದವನು ನಾನು. ಮೇಲಿನ ಹಾಳೆಯಲ್ಲಿದ್ದದ್ದು ಕೆಳಗಿನದರಲ್ಲೂ ಇರುತ್ತದೆ. ಕಾಪಿ ಅಂದರೆ ನನಗೆ ಅಷ್ಟೇ.

ಬ್ಯಾಡಗಿಯಲ್ಲಿದ್ದ ಅಕ್ಕನ ಗಂಟಲಿನಲ್ಲಿ ಗಂಟು ಕಂಡದ್ದು ಆಗಲೇ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಮಾತು ಬರುವುದಿಲ್ಲ ಎಂದರು ಹುಬ್ಬಳ್ಳಿಯ ಡಾಕ್ಟರು. ಅವಳ ಮಗಳು ಆಗಿನ್ನೂ ಎರಡನೇ ಇಯತ್ತೆ. ದೊಡ್ಡವಳಾದ ಮೇಲೆ ಅವ್ವನ ದನಿ ಕೇಳಲಿ ಎಂದು, ಆಪರೇಷನ್ನಿಗೆ ನಾಲ್ಕು ದಿನವಿರುವಾಗ ಅಕ್ಕನನ್ನು ಕರೆತಂದು ಮೈಕಿನ ಮುಂದೆ ಕೂರಿಸಿದೆ.

"ಹುಚ್ಚ ಅದೀ ನೋಡು. ಈ ಕೋಲಿನ ಮುಂದ ಏನ್ ಮಾತಾಡ್ಲೋ?" ಎಂದಳು.

"ಮಗಳ ಮುಂದ ಕುಂತೇನಿ ಅಂತ ತಿಳ್ಕೊಂಡು ಮಾತಾಡಕ್ಕಾ."

ಮಾತಾಡಿದಳು. ಪರದೆಯ ಮೇಲೆ ಹಸಿರು ಗೆರೆ ಏಳುತ್ತ ಬೀಳುತ್ತ ಓಡುತ್ತಿತ್ತು. ಅದು ನಿಂತುಬಿಟ್ಟೀತೆಂಬ ಚಿಂತೆಯಲ್ಲಿ ನನ್ನ ಕಣ್ಣೆಲ್ಲ ಅದರ ಮೇಲೇ. ಒಮ್ಮೆ ಗೆರೆ ಎತ್ತರಕ್ಕೆ ಜಿಗಿಯಿತು, ಬಹುಶಃ ನಕ್ಕಳು.

ಮರುದಿನವೇ ಸಿ.ಡಿ. ಮಾಡಿದೆ. ಪರದೆಯ ಮೇಲಿದ್ದ ಆ ಫೈಲಿನ ಚಿತ್ರವನ್ನು ಎಳೆದು ಸಿ.ಡಿ.ಗೆ ಹಾಕಿದೆ. ಅದೇ ಕಂಪ್ಯೂಟರಿನಲ್ಲಿ ಹಾಕಿ ನೋಡಿದರೆ ಅಕ್ಕನ ದನಿ ಸರಿಯಾಗಿ ಬಂತು. ದನಿ ಬಂತೆಂಬ ಖುಷಿಯಲ್ಲೇ ನಿಲ್ಲಿಸಿ ಕಪಾಟಿನಲ್ಲಿಟ್ಟೆ.

ಆಪರೇಷನ್ ಆಯಿತು. ಅಕ್ಕ ಉಳಿದಳು, ಮಾತು ಹೋಯಿತು. ಹೇಳುವುದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದಳು.

ಮರುವರ್ಷ ಕಂಪ್ಯೂಟರಿಗೆ ವೈರಸ್ ಹೊಕ್ಕಿತು. ರಾಣೆಬೆನ್ನೂರಿನಿಂದ ಬಂದ ಮೆಕ್ಯಾನಿಕ್ ನೋಡಿ, "ಫಾರ್ಮ್ಯಾಟ್ ಹೊಡೀಬೇಕ್ರಿ ಸರ. ಇದ್ದಬದ್ದದ್ದೆಲ್ಲಾ ಹೋಗ್ತೈತಿ. ಬ್ಯಾಕಪ್ ತಗೊಂಡೀರೇನ್ರಿ?" ಎಂದ.

"ತಗೊಂಡೇನಿ. ನೀ ಹೊಡಿ," ಎಂದೆ. ಎಷ್ಟು ಧಿಮಾಕಿನಿಂದ!

ಎಲ್ಲ ಮುಗಿದ ಮೇಲೆ ಸಿ.ಡಿ. ಹಾಕಿದೆ. ತೆರೆಯಲಿಲ್ಲ. ಅವನು ಬಗ್ಗಿ ನೋಡಿದ.

"ಸರ, ಇದು ಫೈಲ್ ಅಲ್ಲರೀ, ಶಾರ್ಟ್‌ಕಟ್. ಫೈಲ್ ಎಲ್ಲೈತಿ ಅಂತ ಬರೇ ದಾರಿ ತೋರಸ್ತೈತಿ. ಫೈಲ್ ಮಷೀನಿನ್ಯಾಗ ಇತ್ತು."

ಅಂದು ದನಿ ಬಂದದ್ದು ಸಿ.ಡಿ.ಯಿಂದಲ್ಲ, ಕಂಪ್ಯೂಟರಿನಿಂದ. ಅವನು ಏನೇನೋ ಹಾಕಿ ಹುಡುಕಿದ, ಸಿಗಲಿಲ್ಲ. ಚಹಾ ತರಿಸಿದೆ, ಇಬ್ಬರೂ ಕುಡಿದೆವು. ಅಳುವಾದರೂ ಬಂದಿದ್ದರೆ ಚೆನ್ನಾಗಿತ್ತು. ಬರಲಿಲ್ಲ.

ಹದಿನೈದು ದಿನ ಬಿಟ್ಟು ಬ್ಯಾಡಗಿಗೆ ಹೋಗಿ ಅಕ್ಕನಿಗೆ ಹೇಳಿದೆ. ಬೈಯಬಹುದಿತ್ತು. ಬೈಯಲಿಲ್ಲ. ನೋಟ್‌ಬುಕ್ ಎಳೆದುಕೊಂಡು ಬರೆದು ನನ್ನತ್ತ ತಿರುಗಿಸಿದಳು:

"ಹೋಗ್ಲಿ ಬಿಡು. ಅವತ್ತು ಹೆದರಿಕ್ಯಾಗ ಏನೇನ್ ಅಂದೇನಿ, ನನಗ ನೆನಪಿಲ್ಲ. ನೀ ಹೇಳು, ಮಗಳಿಗೆ ಬರದ ಇಡ್ತೇನಿ."

ಹೊಸ ಪುಟ ತೆಗೆದು, ಪೆನ್ನು ಹಿಡಿದು ಕಾದಳು. ನಾನು ನೆನಪಿಸಿಕೊಳ್ಳಲು ನೋಡಿದೆ. ಒಂದು ಮಾತೂ ಹೊಳೆಯಲಿಲ್ಲ.

"ಅಕ್ಕಾ, ನಾ ಕೇಳಲಿಲ್ಲ," ಎಂದೆ.

ಅವಳು ಬರೆದಳು: "ಅರ್ಧಾ ತಾಸು ಮಾತಾಡಿದ್ನೆಲ್ಲೋ."

ಹೌದು, ಅರ್ಧ ತಾಸು. ಅವಳ ಪಕ್ಕದ ಕುರ್ಚಿಯಲ್ಲೇ ಇದ್ದೆ.