ಉಯ್ಯಾಲೆಯ ಮೇಲೆ ಆಡಿದ ಮಾತು

ಕುರ್ಚಿಯಲ್ಲಿ ಕುಳಿತರೆ ನನ್ನ ಬಲಗಾಲು ಸುಮ್ಮನಿರುವುದಿಲ್ಲ. ಪಾದದ ಮುಂಭಾಗ ನೆಲವನ್ನು ಮೆಲ್ಲಗೆ ಒತ್ತುತ್ತದೆ, ಬಿಡುತ್ತದೆ, ಒಂದು ಉಸಿರಿನಷ್ಟು ಕಾದು ಮತ್ತೆ ಒತ್ತುತ್ತದೆ. ನಾನು ಅಧ್ಯಕ್ಷತೆ ವಹಿಸಿದ ಸಭೆಗಳಲ್ಲಿ ಮೊದಲ ಸಾಲಿನ ಸಭಿಕರು ನನ್ನ ಗಂಭೀರವಾದ ಮುಖವನ್ನೂ ಅದಕ್ಕಿಂತ ಗಂಭೀರವಾದ ಭಾಷಣವನ್ನೂ ಬಿಟ್ಟು ಮೇಜಿನ ಕೆಳಗಿನ ಈ ಚಟುವಟಿಕೆಯನ್ನೇ ನೋಡುತ್ತಿರುವುದನ್ನು ಗಮನಿಸಿದ್ದೇನೆ. ನಮ್ಮ ಅತ್ತೆಯವರಂತೂ ಬದುಕಿರುವವರೆಗೂ "ಕೂತಲ್ಲೆ ಕಾಲು ಅಲ್ಲಾಡಸಬಾರದವಾ, ಮನಿಗೆ ಛಲೋ ಅಲ್ಲ" ಎಂದು ಎಚ್ಚರಿಸುತ್ತಲೇ ಇದ್ದರು. ಮನೆಗೆ ಏನೂ ಕೆಡುಕಾಗಲಿಲ್ಲ, ಕಾಲೂ ನಿಲ್ಲಲಿಲ್ಲ. ಇದನ್ನು ನರಗಳ ದೌರ್ಬಲ್ಯವೆಂದು ಭಾವಿಸಿ ಕನಿಕರಪಡುವ ಓದುಗರಿಗೆ ನಾನು ವಿನಯದಿಂದಲ್ಲ, ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ: ಇದು ಕಾಯಿಲೆಯಲ್ಲ, ವಿದ್ಯಾರ್ಹತೆ. ನನ್ನ ಪಿಎಚ್.ಡಿ. ಪದವಿಯ ಜೊತೆಗೇ ಬಂದದ್ದು. ಪದವಿಪತ್ರ ಯಾವ ಟ್ರಂಕಿನ ತಳದಲ್ಲಿದೆಯೋ ಹುಡುಕಬೇಕು. ಇದು ಮಾತ್ರ ಸದಾ ಜೊತೆಗಿದೆ.

ಅರವತ್ತರ ದಶಕದಲ್ಲಿ, ಆಗ ನಾವೆಲ್ಲ ಬರೋಡಾ ಎನ್ನುತ್ತಿದ್ದ ವಡೋದರಾಕ್ಕೆ ನಮ್ಮವರಿಗೆ ವರ್ಗವಾಯಿತು. ವಿಮಾ ಕಚೇರಿಯ ನೌಕರಿ, ಹೋಗೆಂದಲ್ಲಿಗೆ ಹೋಗಬೇಕು. ಧಾರವಾಡದಲ್ಲಿ ಶಾಲೆಯ ಪಾಠ ಬಿಟ್ಟು ಬಂದ ನಾನು ಹೊಸ ಊರಿನಲ್ಲಿ ಬೆಲ್ಲ ಹಾಕಿದ ಬೇಳೆಯ ಜೊತೆ ರಾಜಿ ಮಾಡಿಕೊಳ್ಳುವುದನ್ನು ಬಿಟ್ಟರೆ ಬೇರೆ ಕೆಲಸವಿಲ್ಲದೆ ಇದ್ದಾಗ, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಶಿಕ್ಷಣದ ಆಡಳಿತವನ್ನೇ ಒಂದು ಶಾಸ್ತ್ರವೆಂದು ಓದಿಸುತ್ತಾರೆಂಬುದು ತಿಳಿಯಿತು. ಎಂ.ಎಡ್. ಮುಗಿಸಿದೆ, ರುಚಿ ಹತ್ತಿತು, ಸಂಶೋಧನೆಗೆ ಸೇರಿದೆ. ನನ್ನ ವಿಷಯದ ಹೆಸರು "ಮಾಧ್ಯಮಿಕ ಶಾಲೆಗಳ ಆಡಳಿತದಲ್ಲಿ ನಿರ್ಣಯ ಪ್ರಕ್ರಿಯೆಯ ಒಂದು ವಿಶ್ಲೇಷಣಾತ್ಮಕ ಅಧ್ಯಯನ". ಇದನ್ನು ಒಂದೇ ಉಸಿರಿನಲ್ಲಿ ಹೇಳಲು ಬಂದರೆ ಅರ್ಧ ಪದವಿ ಸಿಕ್ಕಂತೆಯೇ ಎಂದು ಸಹಪಾಠಿಗಳು ನಗುತ್ತಿದ್ದರು. ಸರಳವಾಗಿ ಹೇಳುವುದಾದರೆ, ಶಾಲೆಯಲ್ಲಿ ಯಾವುದನ್ನು ಯಾರು, ಹೇಗೆ ತೀರ್ಮಾನಿಸುತ್ತಾರೆ ಎಂಬುದು. ನಮ್ಮವರಿಗೆ ಇದೂ ಸರಳವೆನಿಸಲಿಲ್ಲ. "ಸಾಲಿ ನಡಸಲಿಕ್ಕೆ ಒಂದು ಗಂಟಿ, ಒಂದು ಬೆತ್ತ ಇದ್ರ ಸಾಕು. ಅದಕ್ಕ ಇಷ್ಟು ವರ್ಷ ಏನ್ ಅಭ್ಯಾಸ ಮಾಡತೀಯ ಮಾರಾಯ್ತಿ?" ಎಂದು ಕೇಳುತ್ತಲೇ ನನ್ನ ಕಾಗದಗಳ ಕಟ್ಟನ್ನು ತಾವೇ ಸೈಕಲ್ಲಿಗೆ ಕಟ್ಟಿಕೊಡುತ್ತಿದ್ದರು.

ನನ್ನ ಮಾರ್ಗದರ್ಶಕರು ಕುಸುಮಬೆನ್. ವಿಭಾಗದ ಕುರ್ಚಿಯಲ್ಲಿ ಕುಳಿತಾಗ ಅವರು ಬಹಳ ದೊಡ್ಡ ಪ್ರಾಧ್ಯಾಪಕಿ. ಅರ್ಜಿಗಳಿಗೆ ರುಜು ಹಾಕುವರು, ಕನ್ನಡಕದ ಮೇಲಿಂದ ನೋಡುವರು, "ಸಂಜೆ ಮನೆಗೆ ಬಾ, ಪದ್ಮಾಬೆನ್" ಎನ್ನುವರು. ಅಷ್ಟೇ. ಆ ಕುರ್ಚಿಯಲ್ಲಿ ಕೂತು ಅವರು ನನ್ನ ಪ್ರಬಂಧದ ಬಗ್ಗೆ ಒಂದೇ ಒಂದು ಮಾತನ್ನೂ ಆಡಿದವರಲ್ಲ. (ಗುಜರಾತಿನಲ್ಲಿ ಹೆಣ್ಣುಮಕ್ಕಳೆಲ್ಲ ಬೆನ್, ಅಂದರೆ ಅಕ್ಕತಂಗಿಯರು, ಅಷ್ಟು ದೊಡ್ಡವರ ಬಾಯಲ್ಲಿ ಪದ್ಮಾವತಿಯಾದ ನಾನು ಪದ್ಮಾಬೆನ್ ಆದಾಗ ಮೊದಮೊದಲು ಹಿಂದೆ ತಿರುಗಿ ಯಾರನ್ನು ಕರೆದರೆಂದು ನೋಡುತ್ತಿದ್ದೆ.) ಸಂಶೋಧನೆಯೆಲ್ಲ ನಡೆಯುತ್ತಿದ್ದದ್ದು ಅಲಕಾಪುರಿಯ ಅವರ ಮನೆಯ ಪಡಸಾಲೆಯಲ್ಲಿ, ಹಿತ್ತಾಳೆಯ ಸರಪಳಿಗಳಿಂದ ತೊಲೆಗೆ ತೂಗುಬಿದ್ದ ಅಗಲವಾದ ತೇಗದ ಹಲಗೆಯ ಮೇಲೆ. ಹೀಂಚ್ಕೋ ಎನ್ನುತ್ತಾರೆ ಅಲ್ಲಿ ಅದಕ್ಕೆ. ನಾವು ಉಯ್ಯಾಲೆ ಎನ್ನುತ್ತೇವೆ, ನಮ್ಮ ಧಾರವಾಡದ ಕಡೆ ಜೋಕಾಲಿ.

ನಮ್ಮ ಕಡೆ ಜೋಕಾಲಿಗೂ ದೊಡ್ಡವರಿಗೂ ಸಂಬಂಧ ವರ್ಷಕ್ಕೊಮ್ಮೆ, ನಾಗರ ಪಂಚಮಿಗೆ. ಆ ದಿನ ಮರಕ್ಕೆ ಹಗ್ಗ ಬಿಗಿದು ಮುತ್ತೈದೆಯರೂ ಜೀಕುತ್ತಾರೆ, ಮರುದಿನ ಹಗ್ಗ ಬಿಚ್ಚಿದರೆ ಗಾಂಭೀರ್ಯ ಮರಳಿ ಮನೆಗೆ ಬರುತ್ತದೆ. ಗುಜರಾತಿನಲ್ಲಿ ದಿನವೂ ಪಂಚಮಿ. ಸೊಪ್ಪು ಸೋಸುವುದು, ಹೆಣ್ಣು ನೋಡುವುದು, ಪತ್ರಿಕೆ ಓದುವುದು, ಮಧ್ಯಾಹ್ನ ತೂಕಡಿಸುವುದು, ಆಸ್ತಿ ಪಾಲು ಮಾಡುವುದು ಎಲ್ಲವೂ ಹಲಗೆಯ ಮೇಲೆಯೇ. ನಾನು ಮೊದಲ ದಿನ ಟಿಪ್ಪಣಿಗಳನ್ನು ಎದೆಗವಚಿಕೊಂಡು ನೆಲದ ಮೇಲೆ ಚಕ್ಕಂಬಕ್ಕಳ ಹಾಕಲು ಹೊರಟಾಗ ಕುಸುಮಬೆನ್ ಎಡಗಡೆಯ ಜಾಗವನ್ನು ತಟ್ಟಿ ತೋರಿಸಿದರು. ಬಲಗಡೆ ಅವರದು. ಅವರ ಕಾಲು ನೆಲದ ಮೇಲೆ. ನನ್ನ ಕಾಲು ಅತಂತ್ರ. ಅವರು ಜೀಕಿದಂತೆ ನಾನು ತೂಗಬೇಕು, ತೂಗುತ್ತಲೇ ಓದಬೇಕು. ಮೊದಲ ಅಧ್ಯಾಯ ಓದಿ ಮುಗಿಸುವ ಹೊತ್ತಿಗೆ ನನಗೆ ಸಂಶೋಧನೆಯ ವ್ಯಾಪ್ತಿಗಿಂತ ಹೆಚ್ಚಾಗಿ ವಾಕರಿಕೆಯ ವ್ಯಾಪ್ತಿ ಮನದಟ್ಟಾಗಿತ್ತು.

ಬೆನ್ ನಮ್ಮ ಮುಖ ನೋಡುತ್ತಿರಲಿಲ್ಲ; ಕಣ್ಣು ಮಡಿಲಿನ ಮೆಂತ್ಯದ ಸೊಪ್ಪಿನ ಮೇಲೆ. ಅಭಿಪ್ರಾಯ ಹೇಳುತ್ತಿದ್ದದ್ದು ಅವರ ಕಾಲು. ವಾಕ್ಯ ಒಪ್ಪಿಗೆಯಾದರೆ ಹಲಗೆ ಒಂದೇ ಲಯದಲ್ಲಿ ಓಡುತ್ತದೆ. ಅನುಮಾನ ಬಂದರೆ ಓಟ ಮಂದವಾಗುತ್ತದೆ. ಒಪ್ಪಿಗೆಯಿಲ್ಲದಿದ್ದರೆ ಹಿಮ್ಮಡಿ ನೆಲಕ್ಕೆ ಊರಿ ಉಯ್ಯಾಲೆ ಗಕ್ಕನೆ ನಿಲ್ಲುತ್ತದೆ; ಓದುತ್ತಿದ್ದವರು ಮುಗ್ಗರಿಸುತ್ತಾರೆ. ಅವರ ಮನೆಯಿಂದ ಹೊರಬಂದ ಸಂಶೋಧಕರನ್ನು ಗೇಟಿನ ಬಳಿ ಉಳಿದವರು "ಏನೆಂದರು?" ಎಂದು ಕೇಳುತ್ತಿರಲಿಲ್ಲ. "ಹೀಂಚ್ಕೋ ಚಾಲ್ಯೋ?" ಎಂದು ಕೇಳುತ್ತಿದ್ದರು, ಉಯ್ಯಾಲೆ ಓಡಿತೇ ಎಂದು. ಓಡಿತೆಂದರೆ ಎಲ್ಲರೂ ಸೇರಿ ಚಹಾ ಕುಡಿಯುವುದು. ನಿಂತಿತೆಂದರೆ ಆಗಲೂ ಚಹಾ, ಆದರೆ ಮೌನವಾಗಿ.

ನನ್ನ ಮೊದಲ ನಾಲ್ಕು ಅಧ್ಯಾಯಗಳಿಗೆ ಉಯ್ಯಾಲೆ ಚೆನ್ನಾಗಿಯೇ ಓಡಿತು. ಓಡದೆ ಏನು? ಅದರಲ್ಲಿ ಯಾರೂ ಒಪ್ಪದಂಥದ್ದು ಏನೂ ಇರಲಿಲ್ಲ. ಅಹಮದಾಬಾದಿನಿಂದ ಸೂರತ್ತಿನವರೆಗೆ ನಾನು ಕಂಡ ಮುಖ್ಯೋಪಾಧ್ಯಾಯರೆಲ್ಲ ಕಚೇರಿಯ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ, ಅನುದಾನದ ನಿಯಮಗಳ ಪುಸ್ತಕದ ಮೇಲೆ ಕೈಯಿಟ್ಟು, ಎಲ್ಲವೂ ನಿಯಮದ ಪ್ರಕಾರ ಎಂದಿದ್ದರು. ನಾನೂ ಅದನ್ನೇ ಬರೆದೆ. ಒಂದು ಚಿತ್ರವನ್ನೂ ಬಿಡಿಸಿದೆ: ನಿರ್ದೇಶಕರಿಂದ ಇನ್‌ಸ್ಪೆಕ್ಟರಿಗೆ ಬಾಣ, ಇನ್‌ಸ್ಪೆಕ್ಟರಿಂದ ಮುಖ್ಯೋಪಾಧ್ಯಾಯರಿಗೆ ಬಾಣ, ಅವರಿಂದ ಮಾಸ್ತರಿಗೆ, ಮಾಸ್ತರಿಂದ ಹುಡುಗನಿಗೆ. ಆ ಹುಡುಗ ಇಷ್ಟು ಬಾಣಗಳ ಕೆಳಗೆ ಹೇಗೆ ಬದುಕಿದ್ದಾನೆಂದು ನಾನು ಯೋಚಿಸಿರಲಿಲ್ಲ.

ಯೋಚಿಸುವಂತಾದದ್ದು ಸೂರತ್ತಿನಲ್ಲಿ. ಅಲ್ಲಿನ ಒಬ್ಬ ಮುಖ್ಯೋಪಾಧ್ಯಾಯರನ್ನು ಠಾಕೋರ್‌ಭಾಯ್ ಎಂದು ಕರೆಯೋಣ. ಹೆಸರು ಬದಲಿಸುವುದು ಅಂದಿನಿಂದ ನನಗೆ ಬಂದ ಅಭ್ಯಾಸ. ಕಚೇರಿಯಲ್ಲಿ ಅವರೂ ಪುಸ್ತಕದ ಮೇಲೆ ಕೈಯಿಟ್ಟು, ಹಾಜರಿ ಮೊದಲ ಗಂಟೆಗೇ, ತಡವಾದವರಿಗೆ ಗೈರುಹಾಜರಿ ಎಂದಿದ್ದರು. ನನ್ನ ರೈಲಿಗೆ ಹೊತ್ತಿತ್ತು. ಊಟಕ್ಕೆ ಮನೆಗೆ ಕರೆದೊಯ್ದರು. ಊಟವಾದ ಮೇಲೆ ಅವರು ಉಯ್ಯಾಲೆಯ ಮೇಲೆ, ನಾನು ಎದುರಿನ ಚಾಪೆಯ ಮೇಲೆ, ಅವರ ಮಡದಿ ಹೊಸ್ತಿಲ ಬಳಿ. ನಾಲ್ಕು ಸಲ ಹಲಗೆ ತೂಗಿರಬೇಕು, ಮನುಷ್ಯನೇ ಬೇರೆಯಾದ. "ಏನಿಲ್ಲ ಬೆನ್, ನಮ್ಮ ಕೇರಿಯ ಮಕ್ಕಳು ಬೆಳಿಗ್ಗೆ ಮನೆಯಲ್ಲಿ ಜರಿ ನೂಲು ಸುತ್ತಬೇಕು. ಸುತ್ತದೆ ಬಂದರೆ ಮನೆಯಲ್ಲಿ ಒಲೆ ಉರಿಯೋದಿಲ್ಲ. ಮೊದಲ ಗಂಟೆಗೆ ಹಾಜರಿ ಕರೆದರೆ ಅರ್ಧ ಶಾಲೆ ಗೈರು, ಆಮೇಲೆ ಪರೀಕ್ಷೆಗೇ ಕೂರಿಸೋ ಹಾಗಿಲ್ಲ. ಅದಕ್ಕೆ ಮೊದಲ ಪೀರಿಯಡ್ಡು ಹಾಡು, ಕವಾಯತು. ಹಾಜರಿ ಎರಡನೆಯದಕ್ಕೆ" ಎಂದರು. ಯಾರು ಅನುಮತಿ ಕೊಟ್ಟರೆಂದು ಕೇಳಿದೆ. ಅವರು ಸರಪಳಿಯನ್ನು ತೋರಿಸಿ ನಕ್ಕರು. ಅವರೂ ಮಡದಿಯೂ ಇದೇ ಹಲಗೆಯ ಮೇಲೆ ಕೂತು ಒಂದು ಸಂಜೆ ತೀರ್ಮಾನಿಸಿದ್ದರಂತೆ.

ರೈಲಿನಲ್ಲಿ ಖುಷಿಗೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ನಾನು ಹುಡುಕುತ್ತಿದ್ದ ನಿರ್ಣಯ ಪ್ರಕ್ರಿಯೆ ಇದೇ. ಉಳಿದದ್ದೆಲ್ಲ ಪುಸ್ತಕದ ಮೇಲೆ ಇಟ್ಟ ಕೈ. ಊರಿಗೆ ಬಂದು ಒಂದೇ ಓಟದಲ್ಲಿ ಐದನೆಯ ಅಧ್ಯಾಯ ಬರೆದೆ. ಅದೇ ವಾರ ನಮ್ಮವರಿಗೆ ಹುಬ್ಬಳ್ಳಿಗೆ ವರ್ಗದ ಆದೇಶ ಬಂತು. ಈ ಅಧ್ಯಾಯ ಒಪ್ಪಿಗೆಯಾದರೆ ಪ್ರಬಂಧ ಮುಗಿಯುತ್ತದೆ, ಇಲ್ಲವಾದರೆ ಬೇರೆ ಅಧ್ಯಾಯಕ್ಕೆ ಇನ್ನೊಂದು ವರ್ಷ ಬೇಕು. ಆ ವರ್ಷ ನನ್ನ ಬಳಿ ಇರಲಿಲ್ಲ. ಆ ಕಾಲದಲ್ಲಿ ಗಂಡನ ವರ್ಗದ ಜೊತೆ ಹೆಂಡತಿಯ ಓದು ಸಾಮಾನಿನ ಲಾರಿಯಲ್ಲಿ ಕಟ್ಟುವ ವಸ್ತುವಾಗಿರಲಿಲ್ಲ. ಓದನ್ನು ಅಲ್ಲಿಯೇ ಬಿಟ್ಟು ಬಂದ ಬಹಳ ಮಂದಿಯನ್ನು ನಾನು ಕಂಡಿದ್ದೆ.

ಒಂದು ಸಂಜೆ ಕುಸುಮಬೆನ್ ಅವರ ಎಡಗಡೆ ಕುಳಿತು ಆ ಅಧ್ಯಾಯ ಓದಿದೆ. ಠಾಕೋರ್‌ಭಾಯ್ ಅವರ ಪ್ರಸಂಗ ಬಂದ ಕೂಡಲೇ ಉಯ್ಯಾಲೆ ಮಂದವಾಯಿತು. ಜರಿ ನೂಲಿನ ವಾಕ್ಯಕ್ಕೆ ಗಕ್ಕನೆ ನಿಂತಿತು.

"ಉಯ್ಯಾಲೆ ಮೇಲೆ ಆಡಿದ ಮಾತು ಪುರಾವೆ ಆಗೋದಿಲ್ಲ, ಪದ್ಮಾಬೆನ್" ಎಂದರು ಕುಸುಮಬೆನ್, ಸೊಪ್ಪಿನಿಂದ ಕಣ್ಣೆತ್ತದೆ. "ಕುರ್ಚಿಯಲ್ಲಿ ಕೂತು ಹೇಳಿದ್ದನ್ನು ಬರಿ. ಇದನ್ನು ತೆಗೆದುಹಾಕು."

ಇಷ್ಟು ಹೇಳಿ ಅವರು ಮತ್ತೆ ಜೀಕಿದರು. ವಿಷಯ ಮುಗಿಯಿತು, ಮುಂದಿನ ಪುಟ ಎಂದು ಅದರ ಅರ್ಥ. ಅವರ ಮಾತಿಗೆ ನಾವ್ಯಾರೂ ಎದುರಾಡಿದವರಲ್ಲ. ನಾನಂತೂ ಅಲ್ಲವೇ ಅಲ್ಲ. ಆದರೆ ಅಂದು ನನ್ನ ಬುದ್ಧಿ ಏನಾದರೂ ಹೇಳುವ ಮೊದಲೇ ಕಾಲು ಮುಂದಾಯಿತು. ಅಲ್ಲಿಯವರೆಗೆ ಗಾಳಿಯಲ್ಲಿದ್ದ ನನ್ನ ಹಿಮ್ಮಡಿ ನೆಲಕ್ಕೆ ಊರಿತು. ಉಯ್ಯಾಲೆ ನಿಂತಿತು. ಮಡಿಲಿನ ಮೆಂತ್ಯ ಅರ್ಧ ನೆಲಕ್ಕೆ ಬಿತ್ತು.

"ಬೆನ್, ಹಾಗಾದರೆ ನೀವು ಈಗ ಹೇಳಿದ್ದೂ ಪುರಾವೆ ಅಲ್ಲ" ಎಂದೆ. "ನನ್ನ ನಾಲ್ಕು ಅಧ್ಯಾಯಕ್ಕೂ ನೀವು ಒಪ್ಪಿಗೆ ಕೊಟ್ಟದ್ದು ಈ ಹಲಗೆಯ ಮೇಲೆಯೇ. ಕುರ್ಚಿಯಲ್ಲಿ ಕೂತು ಒಂದು ಮಾತೂ ಹೇಳಿಲ್ಲ. ಇದು ಲೆಕ್ಕಕ್ಕಿಲ್ಲ ಅಂದರೆ ನನ್ನ ಪ್ರಬಂಧದಲ್ಲಿ ಒಂದು ಪುಟವೂ ಉಳಿಯೋದಿಲ್ಲ."

ಒಳಗೆ ಒಗ್ಗರಣೆಯ ಸಾಸಿವೆ ಸಿಡಿಯಿತು. ಕುಸುಮಬೆನ್ ನನ್ನ ಕಾಲನ್ನು ನೋಡಿದರು. ಆಮೇಲೆ, ನಾನು ಅವರ ಮನೆಗೆ ಬರತೊಡಗಿದ ಮೇಲೆ ಮೊದಲ ಸಲ, ನನ್ನ ಮುಖವನ್ನು ನೇರವಾಗಿ ನೋಡಿದರು.

"ಆ ಹೆಡ್‌ಮಾಸ್ತರರ ನೌಕರಿಗೆ ಸಂಚಕಾರ ಬಂದರೆ?" ಎಂದು ಕೇಳಿದರು. ಅವರ ಆತಂಕ ಪುರಾವೆಯದಾಗಿರಲಿಲ್ಲ, ಆ ಮನುಷ್ಯನದಾಗಿತ್ತು. ಅದು ತಿಳಿದಾಗ ನನಗೆ ಅವರ ಮೇಲೆ ಬಂದ ಪ್ರೀತಿಯನ್ನು ಇಂದಿಗೂ ನಾನು ಯಾವ ಪರಿಭಾಷೆಯಲ್ಲಿಯೂ ಹೇಳಲಾರೆ.

ಹೆಸರು ಹಾಕುವುದಿಲ್ಲ, ಊರು ಹಾಕುವುದಿಲ್ಲ ಎಂದೆ. ಅಷ್ಟು ಸಾಲದು ಎಂದರು. "ಒಬ್ಬನ ಮಾತು ಬರೆದರೆ ಅದು ಚಾಡಿ. ಹತ್ತು ಜನರದು ಬರೆದರೆ ಅಧ್ಯಾಯ. ಹೋಗು, ಇನ್ನಷ್ಟು ಮನೆಗಳಲ್ಲಿ ಕೂತು ಬಾ." ಅಷ್ಟು ಹೇಳಿ ನನ್ನ ಕಾಲಿನ ಕಡೆ ಕಣ್ಣು ಮಾಡಿದರು. ನಾನು ಎತ್ತಿಕೊಂಡೆ. ಉಯ್ಯಾಲೆ ಹೊರಟಿತು.

ನಮ್ಮವರು ಒಬ್ಬರೇ ಹುಬ್ಬಳ್ಳಿಗೆ ಹೋಗಿ ಖಾನಾವಳಿಯ ಊಟ ಹಿಡಿದರು. "ನಿನ್ನ ಜೋಕಾಲಿ ನಿಂತ ಮ್ಯಾಲೆ ಬಾ, ಅವಸರ ಏನಿಲ್ಲ" ಎಂದು ಹೇಳಿ ರೈಲು ಹತ್ತಿದ ಆ ಮನುಷ್ಯನನ್ನು ನಾನು ನನ್ನ ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಸೇರಿಸಿದ್ದೇನೆ, ಆದರೆ ಅಲ್ಲಿ ಖಾನಾವಳಿಯನ್ನು ಸೇರಿಸಲು ಬೆನ್ ಬಿಡಲಿಲ್ಲ. ನಾನು ಮತ್ತೆ ತಿರುಗಿದೆ. ಈ ಸಲ ಮುಖ್ಯೋಪಾಧ್ಯಾಯರ ಕಚೇರಿಗೆ ಹೋಗದೆ ನೇರವಾಗಿ ಮನೆಗೆ. ಅಹಮದಾಬಾದಿನ ಮಣಿನಗರದ ಸ್ಟೇಷನ್ನಿನ ಗದ್ದಲದ ಹಿಂದೆ ಒಬ್ಬರು, ಸಂಜೆ ಬೀಗ ಹಾಕಬೇಕಾದ ಶಾಲೆಯಲ್ಲಿ ಒಂದು ಕೋಣೆಗೆ ಮಾತ್ರ ಬೀಗ ಹಾಕುವುದನ್ನು ವರ್ಷಗಳಿಂದ ಮರೆಯುತ್ತಿದ್ದರು. ಮಿಲ್ಲಿನ ಒಂದೇ ಕೋಣೆಯ ಮನೆಗಳ ಹುಡುಗರು ಅಲ್ಲಿ ಓದುತ್ತಿದ್ದರು. ಬರೋಡಾದಲ್ಲಿಯೇ ಒಬ್ಬ ಮುಖ್ಯೋಪಾಧ್ಯಾಯಿನಿ, ಚಳಿಗಾಲದಲ್ಲಿ ಕತ್ತಲಾಗುವ ಮೊದಲು ಹುಡುಗಿಯರು ಗುಂಪಾಗಿ ಮನೆ ಸೇರಲೆಂದು ಕೊನೆಯ ಪೀರಿಯಡ್ಡನ್ನು ಬೆಳಿಗ್ಗೆಗೆ ತಂದಿದ್ದರು. ಇಲ್ಲವಾದರೆ ತಂದೆಯರು ಶಾಲೆಯನ್ನೇ ಬಿಡಿಸುತ್ತಿದ್ದರಂತೆ. ಎಲ್ಲವೂ ನಿಯಮಕ್ಕೆ ಹೊರಗೆ, ಎಲ್ಲವೂ ಮಕ್ಕಳನ್ನು ಒಳಗೆ ಉಳಿಸಿಕೊಳ್ಳಲು.

ಹಾಗೆಂದು ನಾನು ನಿಯಮದ ವೈರಿಯೇನಲ್ಲ. ಅಷ್ಟು ಮನೆಗಳಲ್ಲಿ ತಲೆಯೆತ್ತಿ ನೋಡಿದ್ದೇನೆ: ಹಲಗೆ ಅಷ್ಟು ಸರಾಗವಾಗಿ ತೂಗುವುದು ಮೇಲಿನ ತೊಲೆ ಅಲ್ಲಾಡದೆ ಇರುವುದರಿಂದಲೇ. ಆದರೆ ತೊಲೆಯ ಮೇಲೆ ಯಾರೂ ಕೂರುವುದಿಲ್ಲವಲ್ಲ? ನನ್ನ ಐದನೆಯ ಅಧ್ಯಾಯದ ಸಾರ ಇಷ್ಟೇ. ಅದನ್ನು ಪರಿಭಾಷೆಗಳಲ್ಲಿ ಸುತ್ತಿ ಉದ್ದ ಮಾಡಿದೆ; ಪರೀಕ್ಷಕರು ಉದ್ದವನ್ನು ಮೆಚ್ಚಿದರು, ಪದವಿ ಬಂತು.

ಊರು ಬಿಡುವ ಹಿಂದಿನ ಸಂಜೆ ಅಲಕಾಪುರಿಗೆ ಹೋದೆ. ಎಂದಿನಂತೆ ಎಡಗಡೆ ಕೂರಲು ಹೋದರೆ ಅಲ್ಲಿ ಕುಸುಮಬೆನ್ ಕೂತಿದ್ದರು. ಬಲಗಡೆ ಖಾಲಿ. ಅವರು ಹಲಗೆಯನ್ನು ತಟ್ಟಿದರು. ನಾನು ಕುಳಿತ ಮೇಲೆ ಎರಡೂ ಕಾಲುಗಳನ್ನು ಮೇಲಕ್ಕೆತ್ತಿ, ಸೀರೆಯ ನೆರಿಗೆ ಸರಿಮಾಡಿ, ಮಡಚಿ ಕೂತರು. ಎಷ್ಟು ಜನರನ್ನು ತೂಗಿದ ಕಾಲುಗಳು ಅವು! ಎಷ್ಟು ಹೊತ್ತಾದರೂ ನನಗೆ ಧೈರ್ಯ ಬರಲಿಲ್ಲ. "ಚಲಾವ್ ನೇ" ಎಂದರು ಕೊನೆಗೆ, ಓಡಿಸು ಎಂದು. ನಾನು ನೆಲ ಒತ್ತಿದೆ. ಸ್ವಲ್ಪ ಹೊತ್ತಿಗೆ ಅವರ ಕಣ್ಣು ಮುಚ್ಚಿದವು, ತಲೆ ಸರಪಳಿಗೆ ಒರಗಿತು. ಕತ್ತಲಾಗುವವರೆಗೂ ನಾನು ನಿಲ್ಲಿಸಲಿಲ್ಲ.

ಕುಸುಮಬೆನ್ ಈಗ ಇಲ್ಲ. ನಮ್ಮ ಹುಬ್ಬಳ್ಳಿಯ ಮನೆಗೆ ಉಯ್ಯಾಲೆ ಹಾಕಿಸಬೇಕೆಂದು ಬಹಳ ಸಲ ಅಂದುಕೊಂಡೆ. ಮಾಳಿಗೆಯ ತೊಲೆ ತಡೆಯುವುದಿಲ್ಲವೆಂದು ಬಡಗಿ ತಲೆಯಾಡಿಸಿದ, ನಾನೂ ಒತ್ತಾಯಿಸಲಿಲ್ಲ. ಕುರ್ಚಿಯೇ ಸಾಕಾಯಿತು. ಆದ್ದರಿಂದ ಮುಂದೆ ಯಾವುದಾದರೂ ಸಭೆಯಲ್ಲಿ ಮೇಜಿನ ಕೆಳಗೆ ನನ್ನ ಬಲಗಾಲು ಕಂಡರೆ, ಓದುಗ ಮಿತ್ರರೇ, ದಯವಿಟ್ಟು ಅದನ್ನು ಹಿಡಿದು ನಿಲ್ಲಿಸಲು ಹೋಗಬೇಡಿ. ನನ್ನ ಎಡಗಡೆ ಒಬ್ಬರು ಕಾಲು ಮಡಚಿ ನಿದ್ದೆಹೋಗಿದ್ದಾರೆ.