ಮುಂದಿನ ಸೀಟು

ನಮ್ಮತ್ತೆಗೆ ಕಾರಿನ ಮೇಲೆ ಗೌರವವಿಲ್ಲ. ಮಗ ಹೊಸ ಕಾರು ತಂದ ದಿನ ಅದರ ಸುತ್ತ ಒಂದು ಸುತ್ತು ಬಂದು, ಬಾಗಿಲು ತೆಗೆದು ಮುಚ್ಚಿ ನೋಡಿ, "ಕೂತ್ಕೊಂಡು ಹೋಗೋ ಬೀರು" ಎಂದು ತೀರ್ಪು ಕೊಟ್ಟು ಒಳಗೆ ಹೋಗಿದ್ದರು. ಅದೇ ಬೀದಿಯಲ್ಲಿ ಯಾರದಾದರೂ ಹಳೆಯ ಮೋಟಾರ್ ಸೈಕಲ್ ಗುಡುಗುಡು ಎಂದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಕಿಟಕಿಗೆ ಓಡುತ್ತಾರೆ. ಒಲೆಯ ಮೇಲಿನ ಹಾಲು ಉಕ್ಕಿ ಹೋಗುವುದು ನಮ್ಮ ಮನೆಯಲ್ಲಿ ಹೊಸದೇನಲ್ಲ. ಅದನ್ನು ಒರೆಸುವವಳು ಸೊಸೆಯಾದ ನಾನು. ಹಾಗಾಗಿ ಇದನ್ನು ಸ್ವಲ್ಪ ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ.

ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಎದುರಿನ ಹಲಗೆಯ ತೂತುಗಳಿಗೆ ವೈರು ಚುಚ್ಚಿ, ಊರಿನವರ ಸುಖದುಃಖಗಳನ್ನೆಲ್ಲ ಪರವೂರಿಗೆ ದಾಟಿಸುವ ಕೆಲಸ. ನಿವೃತ್ತರಾಗಿ ಎಷ್ಟೋ ವರ್ಷಗಳಾದರೂ ಆ ದನಿ ಅವರನ್ನು ಬಿಟ್ಟಿಲ್ಲ. ಅಡುಗೆಮನೆಯಿಂದ ಕೂಗಿದರೆ ಈಗಲೂ "ಲೈನಲ್ಲಿರಿ" ಎನ್ನುತ್ತಾರೆ. ನಮ್ಮವರು ಚಿಕ್ಕವರಿದ್ದಾಗ ಹಟ ಹಿಡಿದು ಅತ್ತರೆ, ಸ್ವಲ್ಪ ಹೊತ್ತು ಕೇಳಿಸಿಕೊಂಡು, "ನಿಮ್ಮ ಸಮಯ ಮುಗಿದಿದೆ" ಎಂದು ಎದ್ದು ಹೋಗುತ್ತಿದ್ದರಂತೆ.

ಮಾವ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಫಿಟ್ಟರ್. ಮಾತು ಕಡಿಮೆ, ಕೈ ಚುರುಕು. ಮದುವೆಯಾದ ಹೊಸದರಲ್ಲಿ ಅವರು ಒಂದು ಹಳೆಯ ಮ್ಯಾಚ್‌ಲೆಸ್ ಮೋಟಾರ್ ಸೈಕಲ್ ಕೊಂಡರು. ಬ್ರಿಟನ್ನಿನಲ್ಲಿ ತಯಾರಾಗಿ ಎಷ್ಟು ಜನರ ಕೈ ದಾಟಿ ಬಂದಿತ್ತೋ, ಟ್ಯಾಂಕಿನ ಮೇಲಿನ ರೆಕ್ಕೆಯ ಗುರುತು ಅರ್ಧ ಅಳಿಸಿತ್ತು. ಬೆಳಗ್ಗೆ ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಎಕ್ಸ್‌ಚೇಂಜಿಗೆ ಬಿಡುವುದು, ಡ್ಯೂಟಿ ಮುಗಿದ ಮೇಲೆ ಕರೆದುಕೊಂಡು ಬರುವುದು. ಮಳೆಯಿರಲಿ, ಮುನಿಸಿರಲಿ, ಈ ಕೆಲಸ ತಪ್ಪಲಿಲ್ಲ.

"ಹಿಂದೆ ಕೂತವರಿಗೆ ರಸ್ತೆ ಕಾಣಲ್ಲ ಕಣೇ," ಎನ್ನುತ್ತಿದ್ದರು ಅತ್ತೆ. "ಪಕ್ಕದ ಗೋಡೆ ಕಾಣುತ್ತೆ, ಪಕ್ಕದ ಅಂಗಡಿ ಕಾಣುತ್ತೆ, ಎದುರಿಗೆ ಗಂಡನ ಕಾಲರ್ ಕಾಣುತ್ತೆ. ಅವರ ಯಾವ ಅಂಗಿಯ ಕಾಲರ್ ಎಲ್ಲಿ ಸವೆದಿದೆ ಅಂತ ನಂಗೆ ಬಾಯಿಪಾಠ."

ಆದರೆ ಕಿವಿ ಸುಮ್ಮನಿರಲಿಲ್ಲ. ಇಡೀ ದಿನ ಕಿವಿಯಿಂದಲೇ ಬದುಕುವ ಹೆಂಗಸು. ಯಾವ ಏರಿನಲ್ಲಿ ಯಾವ ಗೇರು, ಎಲ್ಲಿ ಕ್ಲಚ್ ಬಿಡಬೇಕು, ಎಲ್ಲವನ್ನೂ ಹಿಂದೆ ಕೂತೇ ಕಲಿತರು. ಮಾವ ಗೇರು ಬದಲಿಸುವುದು ತಡವಾದರೆ ಬೆನ್ನಿಗೆ ಬೆರಳಿನಿಂದ ಒಂದು ಚುಚ್ಚು. ಪಂಪ್‌ಹೌಸಿಗೆ ಹೋಗುವ ದಾರಿಯಲ್ಲಿ ದೊಡ್ಡ ಪೈಪಿನ ಪಕ್ಕದಲ್ಲೇ ಸಾಗುವ ನೇರ ರಸ್ತೆಯೊಂದಿತ್ತು. ಒಂದು ತಿರುವಿಲ್ಲ, ಒಂದು ದನ ಅಡ್ಡ ಬರುವುದಿಲ್ಲ. ಆ ರಸ್ತೆಯಲ್ಲಿ ಒಂದೇ ಒಂದು ಸಲ, ಮುಂದಿನ ಸೀಟಿನಲ್ಲಿ ಕೂತು, ತಾನೇ ಹ್ಯಾಂಡಲ್ ಹಿಡಿದು ಗಾಡಿ ಓಡಿಸಬೇಕು. ಅತ್ತೆಗೆ ಇದ್ದ ಆಸೆ ಇದೊಂದೇ. ಒಡವೆ ಕೇಳಲಿಲ್ಲ, ಮನೆ ಕೇಳಲಿಲ್ಲ.

ಒಂದು ರಜೆಯ ದಿನ ಮಾವ ಗಾಡಿ ತೊಳೆದು, ಅಂಗಳದಲ್ಲಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿ ಒರೆಸುತ್ತಿದ್ದರು. ಅತ್ತೆ ಧೈರ್ಯ ಮಾಡಿ ಬಾಯಿ ಬಿಟ್ಟರು.

"ನಂಗೂ ಕಲಿಸಿ."

ಮಾವ ನಗಲಿಲ್ಲ, ಬೈಯಲೂ ಇಲ್ಲ. "ಹತ್ತಿ ಕೂತ್ಕೋ. ಎರಡೂ ಪಾದ ನೆಲಕ್ಕೆ ಊರಿದ್ರೆ ನಾಳೆಯಿಂದಲೇ ಕಲಿಸ್ತೀನಿ" ಎಂದರು.

ಅತ್ತೆ ಹತ್ತಿ ಕೂತರು. ಎಷ್ಟು ಚಾಚಿದರೂ ಪಾದ ನೆಲಕ್ಕೆ ಊರಲಿಲ್ಲ. ಬೆರಳ ತುದಿಯಷ್ಟೇ ತಾಗಿತು.

"ನೋಡಿದ್ಯಾ? ಇದು ಎತ್ತರದವರ ಗಾಡಿ" ಎಂದರು ಮಾವ. ಮಾತು ಅಲ್ಲಿಗೆ ಮುಗಿಯಿತು.

ಅತ್ತೆ ಮಾತ್ರ ಅಲ್ಲಿಗೆ ಬಿಡಲಿಲ್ಲ. ದಪ್ಪ ಅಟ್ಟೆಯ ಚಪ್ಪಲಿಯೊಂದನ್ನು ಹುಡುಕಿ ತಂದರು. ಮಾವ ಮಲಗಿದ ಮಧ್ಯಾಹ್ನ ಸದ್ದು ಮಾಡದೆ ಹೋಗಿ, ಅಂಗಳದಲ್ಲಿ ನಿಂತಿದ್ದ ಗಾಡಿ ಹತ್ತಿ ನೋಡಿದರು. ಆಗಲೂ ಹಿಮ್ಮಡಿ ಗಾಳಿಯಲ್ಲೇ. ಆಮೇಲೆ ಅವರು ಕೇಳಲಿಲ್ಲ. ಈ ಕಥೆಯನ್ನು ನನಗೆ ಹೇಳಿದಾಗಲೂ ಮಾವನ ಮೇಲೆ ಒಂದು ದೂರು ಇರಲಿಲ್ಲ. "ಅವರೇನು ಮಾಡ್ತಾರೆ, ನನ್ನ ಕಾಲೇ ಗಿಡ್ಡ" ಎಂದು ತಮ್ಮ ಕಾಲನ್ನೇ ಬೈದುಕೊಂಡರು.

ನಾನು ಮದುವೆಯಾಗಿ ಬಂದ ವರ್ಷ ಮನೆಯಲ್ಲಿ ಜಗಳವಾಡಿ ನನಗೊಂದು ಸ್ಕೂಟರ್ ಕೊಡಿಸಿದವರು ಇದೇ ಅತ್ತೆ. ಹೊಸ ಸೊಸೆಗೆ ಸ್ಕೂಟರ್ ಯಾಕೆ ಎಂದು ಕೇಳಿದ ನೆಂಟರಿಗೆ, "ಅವಳ ಕಾಲು ಉದ್ದ ಇದೆ" ಎಂದು ಉತ್ತರ ಕೊಟ್ಟರು. ನಿಮಗೂ ಕಲಿಸುತ್ತೇನೆ ಬನ್ನಿ ಎಂದರೆ ಮೂಗು ಮುರಿದರು. "ಅದು ಹೊಲಿಗೆ ಮಷೀನ್ ಥರ ಸದ್ದು ಮಾಡುತ್ತೆ, ನೀನೇ ಇಟ್ಕೋ." ಬೇಕಿದ್ದದ್ದು ಅದಲ್ಲ ಎಂದು ನನಗೂ ಗೊತ್ತಿತ್ತು.

ಮಾವನಿಗೆ ಕಣ್ಣು ಮಂಜಾದ ಮೇಲೆ ಗಾಡಿ ಮಾರಿದರು. ಕೊಂಡವನು ಬೀದಿಯ ತುದಿ ದಾಟಿದ ಮೇಲೂ ಅತ್ತೆ ಗೇಟಿನಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದರು. ಕೆಲವು ವರ್ಷಕ್ಕೆ ಮಾವನೂ ಹೋದರು. ಅತ್ತೆ ಮಾವನಿಗಾಗಿ ಎಲ್ಲರೆದುರು ಅತ್ತರು. ಗಾಡಿಯ ವಿಷಯ ಎಲ್ಲರೆದುರು ಹೇಳುವ ಹಾಗಿರಲಿಲ್ಲ. ಹಾಲು ಉಕ್ಕತೊಡಗಿದ್ದು ಆಗಿನಿಂದ.

ಹೀಗಿರುವಾಗ ನಮ್ಮವರು ಎಲ್ಲಿಂದಲೋ ಸುದ್ದಿ ತಂದರು. ಪಕ್ಕದ ಊರಿನಾಚೆ ಒಂದು ಹಳೆಯ ಗೋದಾಮಿನಲ್ಲಿ ಹಳೇ ಬ್ರಿಟಿಷ್ ಮೋಟಾರ್ ಸೈಕಲ್‌ಗಳ ಮ್ಯೂಸಿಯಂ ಇದೆ, ಅಲ್ಲಿ ಮ್ಯಾಚ್‌ಲೆಸ್ಸೂ ಇದೆ. "ಅಮ್ಮ, ಅಪ್ಪನ ಗಾಡಿ ಥರದ್ದೇ. ನೋಡ್ಕೊಂಡು ಬರೋಣ, ನಿನಗೂ ಅಪ್ಪನ ನೆನಪಾಗುತ್ತೆ" ಎಂದರು. ಅತ್ತೆ ನನ್ನ ಮುಖ ನೋಡಿದರು. ಅಪ್ಪನ ನೆನಪಿನ ಆಚೆಗೂ ಒಂದು ಲೆಕ್ಕವಿದೆ ಎಂದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. "ಕೂರೋಕೆ ಬಿಡ್ತಾರೇನೇ?" ಎಂದು ಮೆಲ್ಲಗೆ ಕೇಳಿದರು. "ಕೇಳಿದ್ರಾಯ್ತು" ಎಂದೆ.

ಹೊರಡುವ ದಿನ ನಾವು ಏಳುವ ಮೊದಲೇ ತಯಾರಾಗಿ, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ದಾರಿಯುದ್ದಕ್ಕೂ ತಿರುವು ಬಂದಾಗಲೆಲ್ಲ ಅಭ್ಯಾಸಬಲದಿಂದ ಮೈ ವಾಲಿಸುತ್ತಿದ್ದರು, ಬೀರು ವಾಲುತ್ತಿರಲಿಲ್ಲ.

ಗೋದಾಮಿನ ಒಳಗೆ ಸಾಲುಸಾಲು ಗಾಡಿಗಳು. ನಾರ್ಟನ್, ಟ್ರಯಂಫ್, ಬಿಎಸ್‌ಎ, ಪ್ರತಿಯೊಂದರ ಮುಂದೆ ಹಗ್ಗ, ಹಗ್ಗಕ್ಕೆ "ಮುಟ್ಟಬೇಡಿ" ಎಂಬ ಫಲಕ. ನೆಲದ ಮೇಲೆ ಒಂದು ತೊಟ್ಟು ಎಣ್ಣೆಯಿಲ್ಲ. ಅತ್ತೆ ಮೂಗರಳಿಸಿ, "ಎಲ್ಲಕ್ಕೂ ಸ್ನಾನ ಮಾಡಿಸಿ ಮಲಗಿಸಿದ್ದಾರೆ" ಎಂದರು. ನಮ್ಮವರು ಪ್ರತಿ ಗಾಡಿಯ ಮುಂದೆ ನಿಂತು ಇಸವಿ ಓದುತ್ತಿದ್ದರೆ ಅತ್ತೆ ಯಾವುದನ್ನೂ ನೋಡದೆ ಮುಂದೆ ಹೋದರು. ಕೊನೆಯ ಸಾಲಿನಲ್ಲಿ, ಗೋಡೆಗೆ ತಾಗಿದಂತೆ, ಕಪ್ಪು ಮ್ಯಾಚ್‌ಲೆಸ್ ಸ್ಟ್ಯಾಂಡ್ ಮೇಲೆ ನಿಂತಿತ್ತು. ರೆಕ್ಕೆಯ ಗುರುತು ಹೊಸದಾಗಿ ಹೊಳೆಯುತ್ತಿತ್ತು. ಅತ್ತೆ ಹಗ್ಗ ಹಿಡಿದು ನಿಂತರು. ಕಣ್ಣು ತುಂಬಿತ್ತು. ಅಷ್ಟು ಆಸೆಯಿಂದ ಅವರು ಏನನ್ನೂ ನೋಡಿದ್ದನ್ನು ನಾನು ಕಂಡಿರಲಿಲ್ಲ, ಮೊಮ್ಮಗನನ್ನೂ ಸೇರಿಸಿ ಹೇಳುತ್ತಿದ್ದೇನೆ.

ಮ್ಯೂಸಿಯಂ ನೋಡಿಕೊಳ್ಳುವ ಮನುಷ್ಯ ಬೀಗದ ಕೈಗೊಂಚಲು ಝಣಝಣಿಸುತ್ತಾ ಬಂದ. ಕೂರುವ ಮಾತೆತ್ತಿದ ಕೂಡಲೇ ತಲೆಯಾಡಿಸಿದ. "ಆಗಲ್ಲಮ್ಮಾ. ಗಾಡಿ ಬಿದ್ರೆ ನನ್ನ ಕೆಲಸವೂ ಅದರ ಜೊತೆ ಬೀಳುತ್ತೆ."

ಅತ್ತೆ ಎಕ್ಸ್‌ಚೇಂಜಿನ ದನಿ ತೆಗೆದರು. "ನೋಡಿಪ್ಪಾ, ಇದರ ಹಿಂದೆ ಕೂತು ನನ್ನ ಅರ್ಧ ಆಯಸ್ಸು ಕಳೆದಿದೆ. ಒಂದೇ ಒಂದು ನಿಮಿಷ. ನೀವು ಹಿಡ್ಕೊಂಡೇ ಇರಿ."

ಆ ದನಿಗೆ ಇಲ್ಲ ಎಂದವರನ್ನು ನಾನು ನೋಡಿಲ್ಲ. ಅವನು ಕತ್ತು ತುರಿಸಿಕೊಂಡು ಹಗ್ಗ ಬಿಚ್ಚಿದ. "ಗೋಡೆ ಪಕ್ಕ ಹತ್ತೋಕೆ ಜಾಗ ಸಾಲಲ್ಲ, ಈಚೆಗೆ ತರ್ತೀನಿ" ಎಂದು ಗಾಡಿಯನ್ನು ಮುಂದಕ್ಕೆ ದಬ್ಬಿದ. ಅದು ಸ್ಟ್ಯಾಂಡಿನಿಂದ ಇಳಿದು, ಹಿಂದಿನ ಚಕ್ರ ಧಪ್ಪನೆ ನೆಲಕ್ಕೆ ಬಿತ್ತು. ಅವನು ಎದುರಿಗೆ ನಿಂತು ಹ್ಯಾಂಡಲ್ ಹಿಡಿದ. ನಮ್ಮವರು ಹಿಂದಿನ ಸೀಟು ತಟ್ಟಿ, "ಬಾಮ್ಮ" ಎಂದರು.

"ಅಲ್ಲಲ್ಲ. ಮುಂದೆ" ಎಂದರು ಅತ್ತೆ.

ನಮ್ಮವರು ಬೆಪ್ಪಾಗಿ ನನ್ನನ್ನು ನೋಡಿದರು. ನಾನು ಅತ್ತೆಯ ತೋಳು ಹಿಡಿದೆ. ಮಂಡಿ ನೋವು ಎಂದು ಮೆಟ್ಟಿಲಿಗೂ ಮುನಿಸಿಕೊಳ್ಳುವವರು ಕಾಲೆತ್ತಿ ಆ ಕಡೆ ಹಾಕಿ ಕೂತೇಬಿಟ್ಟರು. ಸೀಟಿನ ಸ್ಪ್ರಿಂಗು ಒಮ್ಮೆ ಕಿರುಗುಟ್ಟಿತು. ಎರಡೂ ಕೈ ಹ್ಯಾಂಡಲ್ ಹಿಡಿದವು. ಎಡಗೈ ಕ್ಲಚ್ಚನ್ನು ಒತ್ತಿ ಮೆಲ್ಲಗೆ ಬಿಟ್ಟಿತು, ಯಾರೂ ಹೇಳಿಕೊಡದೆ. ಮುಖ ಅರಳಿತು.

ಆಮೇಲೆ ಅವರು ಕೆಳಗೆ ನೋಡಿದರು. ನಾನೂ ನೋಡಿದೆ. ಎರಡೂ ಪಾದ ನೆಲದ ಮೇಲಿದ್ದವು. ಬೆರಳ ತುದಿಯಲ್ಲ, ಹಿಮ್ಮಡಿಯೂ ಊರಿತ್ತು.

"ಇದನ್ನ ತಗ್ಗಿಸಿದ್ದೀರಾ?" ಎಂದು ಕೇಳಿದರು ಅತ್ತೆ.

"ಇಲ್ಲಮ್ಮಾ, ಹೇಗಿತ್ತೋ ಹಾಗೇ ಇದೆ."

"ಆಗ ನಂಗೆ ಕಾಲು ಎಟಕ್ತಿರಲಿಲ್ಲ."

"ಸ್ಟ್ಯಾಂಡ್ ಮೇಲೆ ಕೂತು ನೋಡಿರ್ತೀರಿ" ಎಂದ ಅವನು, ಬಹಳ ಸಹಜವಾಗಿ. "ಸ್ಟ್ಯಾಂಡ್ ಹಾಕಿದ್ರೆ ಹಿಂದಿನ ಚಕ್ರ ನೆಲ ಬಿಟ್ಟು ಮೇಲೇಳುತ್ತಲ್ಲ, ಸೀಟೂ ಮೇಲೆ ಹೋಗುತ್ತೆ. ಇಳಿಸಿದ್ರೆ ಸರಿಹೋಗುತ್ತೆ. ನಿಮ್ಮಷ್ಟು ಎತ್ತರ ಧಾರಾಳ ಸಾಕು."

ನಮ್ಮವರು ಫೋನು ಎತ್ತಿ, "ಅಮ್ಮ, ಸ್ವಲ್ಪ ನಗು" ಎನ್ನುತ್ತಿದ್ದರು. ನಾನು ಅವರ ಕೈ ತಗ್ಗಿಸಿ, ಅಂಗಳದ ಕಥೆಯನ್ನು ಎರಡೇ ಮಾತಿನಲ್ಲಿ ಹೇಳಿದೆ.

"ನಿಮ್ಮಪ್ಪನಿಗೆ ಇದು ಗೊತ್ತಿತ್ತೇನೋ?" ಎಂದರು ಅತ್ತೆ, ತಿರುಗಿ ನೋಡದೆ.

"ಅಪ್ಪ ಗಮನಿಸಿರ್ಲಿಲ್ಲ ಅನ್ಸುತ್ತಮ್ಮ."

"ನಿಮ್ಮಪ್ಪ ಫಿಟ್ಟರ್ ಕಣೋ. ಪೈಪು ಕೂದಲೆಳೆಯಷ್ಟು ಓರೆಯಿದ್ರೂ ಅವರಿಗೆ ಕಾಣ್ತಿತ್ತು."

"ನೀನು ಬಿದ್ದುಗಿದ್ದೀಯ ಅಂತ ಹೆದರಿಕೆ ಇತ್ತೇನೋ."

"ಹಾಗಂತ ಹೇಳಬಹುದಿತ್ತಲ್ಲ. ಕಾಲಿನ ಮೇಲೆ ಯಾಕೆ ಹಾಕಬೇಕಿತ್ತು?"

ನನಗೆ ಮಾವನೆಂದರೆ ಬಹಳ ಇಷ್ಟ. ನನ್ನ ಸ್ಕೂಟರಿನ ಚಕ್ರಕ್ಕೆ ವಾರವಾರವೂ ಗಾಳಿ ನೋಡುತ್ತಿದ್ದ ಮನುಷ್ಯ. ಆದರೆ ಆ ಗೋದಾಮಿನಲ್ಲಿ ನನಗೆ ಅವರ ಮೇಲೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಪೈಪಿನ ಪಕ್ಕದ ಆ ರಸ್ತೆ ಎಷ್ಟು ದಿನ ಖಾಲಿ ಬಿದ್ದಿತ್ತು! ಅತ್ತೆ ಎದುರಿನ ಸುಣ್ಣದ ಗೋಡೆಯನ್ನು ನೋಡುತ್ತಾ, ಪಾದ ಊರಿಕೊಂಡು, ಹ್ಯಾಂಡಲ್ ಬಿಡದೆ ಕೂತೇ ಇದ್ದರು. ಒಂದು ನಿಮಿಷ ಎಂದದ್ದು ಬಹಳ ಹೊತ್ತಾಯಿತು. ನೋಡಿಕೊಳ್ಳುವವನು ಗಾಡಿ ಹಿಡಿದೇ ನಿಂತಿದ್ದ, ಅವಸರ ಮಾಡಲಿಲ್ಲ.

ಇಳಿದ ಮೇಲೆ ಅವನಿಗೆ ಥ್ಯಾಂಕ್ಸ್ ಹೇಳಿ, ನಡೆಯುತ್ತಾ ಬಂದು ಕಾರಿನಲ್ಲಿ ಕೂತರು. ನಾನೂ ಪಕ್ಕದಲ್ಲಿ ಕೂತೆ. ಕಾರು ಊರು ದಾಟುವ ತನಕ ಕಿಟಕಿಯ ಹೊರಗೆ ನೋಡುತ್ತಿದ್ದವರು, "ಅವರು ಇವತ್ತೊಂದು ದಿನ ಇರಬೇಕಿತ್ತು ಕಣೇ" ಎಂದರು. ದನಿ ಒಡೆದಿತ್ತು.

"ಅಷ್ಟು ನೆನಪಾಗ್ತಿದ್ದಾರಾ ಅತ್ತೆ?"

"ನೆನಪು ದಿನಾ ಇದ್ದದ್ದೇ. ಜಗಳ ಆಡ್ಬೇಕಿತ್ತು. ಇಡೀ ಸಂಸಾರದಲ್ಲಿ ಒಂದು ಒಳ್ಳೆ ಜಗಳ ಸಿಕ್ಕಿದೆ, ಆಡೋಕೆ ಅವರೇ ಇಲ್ಲ."