ಗಾಡಿ ಯಾಕೆ ಓಡಲಿಲ್ಲ

ಸವದತ್ತಿ ಕಡೆಯ ಒಂದು ರೆಸಾರ್ಟ್ ಮುಚ್ಚಿದಾಗ, ಅಲ್ಲಿ ಪ್ರವಾಸಿಗರನ್ನು ಸುತ್ತಾಡಿಸುತ್ತಿದ್ದ ನಾಲ್ಕು ಗಾಲಿಯ ಎಟಿವಿಯೊಂದನ್ನು ನಾನು ಕೊಂಡುಕೊಂಡೆ. ಬೈಕಿನಂಥ ಹ್ಯಾಂಡಲ್, ದಪ್ಪ ಟೈರು, ಹಿಂದೆ ಸಾಮಾನು ಕಟ್ಟಲು ಕ್ಯಾರಿಯರ್. ಸಂಪಗಾಂವದ ಹತ್ತಿರ ನಮ್ಮದು ಎರಿ ಹೊಲ, ಕಪ್ಪು ಜಿಗುಟು ಮಣ್ಣು. ಮಳೆಯಾದರೆ ಬೈಕಿನ ಗಾಲಿಗೆ ಮಣ್ಣು ಮೆತ್ತಿ ಅಲ್ಲೇ ನಿಲ್ಲುತ್ತದೆ. ಯಜಮಾನರು ಬೈಲಹೊಂಗಲದಲ್ಲಿ ಗಣಿತದ ಮಾಸ್ತರು. ಒಕ್ಕಲುತನ ಪೂರ್ತಿ ನನ್ನದು, ಗಾಡಿಯೂ ನನ್ನದೇ.

ಒಂದು ವರ್ಷ ಅದು ಹೇಳಿದಂತೆ ಓಡಿತು. ಆಮೇಲೆ ಯಜಮಾನರು ತಾವೇ ಮುಂದಾಗಿ ಅದನ್ನು ಬೈಲಹೊಂಗಲದ ಗ್ಯಾರೇಜಿನಲ್ಲಿ ಸರ್ವಿಸ್ ಮಾಡಿಸಿ ತಂದರು. ತೊಳೆದು ಫಳಫಳ ಹೊಳೆಯುತ್ತಿತ್ತು. ಆದರೆ ಬಿಟ್ಟು ನೋಡಿದರೆ ಎತ್ತಿನ ಬಂಡಿಗಿಂತ ಸ್ವಲ್ಪ ಮುಂದೆ, ಅಷ್ಟೇ.

ಗ್ಯಾರೇಜಿಗೆ ಹೋಗಿ ಕೇಳಿದೆ. ಮೆಕ್ಯಾನಿಕ್ ತಲೆ ಎತ್ತಲಿಲ್ಲ. "ಅಕ್ಕಾರ, ಗಾಡಿ ಹಳೇದೈತಿ. ನೀವೂ ಹಿಂದ ಭಾಳ ವಜ್ಜಿ ಹೇರತೀರಿ."

"ಹೋದ ತಿಂಗಳ ಇದ ವಜ್ಜಿ ಹೊತ್ಕೊಂಡು ಓಡತಿತ್ತಲ್ಲಪಾ."

"ನಿಮಗ ಹಂಗ ಅನಸ್ತೈತ್ರಿ."

ನನಗೆ ಅನಿಸುತ್ತದಂತೆ! ಮನೆಗೆ ಬಂದು ನಾನೇ ಒಂದೊಂದಾಗಿ ನೋಡಿದೆ. ಏರ್ ಫಿಲ್ಟರ್ ಬಿಚ್ಚಿದರೆ ಸ್ವಚ್ಛ. ಪ್ಲಗ್ಗಿನಲ್ಲಿ ಮಸಿಯಿಲ್ಲ. ಬ್ರೇಕು ಹಿಡಿದುಕೊಂಡಿರಬಹುದೆಂದು ಹಿಂಭಾಗ ಎತ್ತಿ ಕಲ್ಲಿನ ಮೇಲಿಟ್ಟು ಗಾಲಿ ತಿರುಗಿಸಿದರೆ ಸರಾಗ ತಿರುಗಿತು. ಟೈರಿನ ಗಾಳಿಯೂ ಸರಿ, ಚೈನೂ ಸರಿ.

ಕಡೆಗೆ ಟೆಂಪೋದಲ್ಲಿ ಹಾಕಿಕೊಂಡು ಕಿತ್ತೂರಿನ ಇನ್ನೊಂದು ಗ್ಯಾರೇಜಿಗೆ ಒಯ್ದೆ. ಯಜಮಾನರೂ ಜೊತೆಗೆ ಬಂದರು. ಅಲ್ಲಿಯವನು ನನ್ನ ಮಾತೆಲ್ಲ ಕೇಳಿಸಿಕೊಂಡು, ಅವರ ಕಡೆ ತಿರುಗಿ ನಕ್ಕ. "ಸರ, ಹೆಣ್ಮಕ್ಕಳಿಗೆ ಇಷ್ಟ ಸ್ಪೀಡ್ ಸಾಕಲ್ರಿ?" ಇವರು ಇಂಜಿನ್ನಿಗೆ ಬ್ಯಾಟರಿಯ ಬೆಳಕು ಹಿಡಿದು ನಿಂತೇ ಇದ್ದರು. ಅವನು ಕಾರ್ಬೋರೇಟರ್ ಬಿಚ್ಚಿ ತೊಳೆದು ಕೂಡಿಸಿಕೊಟ್ಟ. ಗಾಡಿ ಹೇಗೆ ಹೋಗಿತ್ತೋ ಹಾಗೇ ಬಂತು.

ಅದಾದ ಕೆಲವೇ ದಿನಗಳಿಗೆ, ಮಧ್ಯಾಹ್ನ, ಕರೆಂಟಿನ ತಂತಿ ಒಂದಕ್ಕೊಂದು ತಾಗಿ ನಮ್ಮ ಕಬ್ಬಿಗೆ ಕಿಡಿ ಬಿತ್ತು. ನೀರು ತುಂಬಿದ ಸ್ಪ್ರೇ ಟ್ಯಾಂಕು ಕ್ಯಾರಿಯರಿಗೆ ಕಟ್ಟಿಕೊಂಡು ಹೊರಟೆ. ಎದುರಿಗೆ ಹೊಗೆ ಏಳುತ್ತಿದೆ, ಗಾಡಿ ಮಾತ್ರ ತೆವಳುತ್ತಿದೆ. ಹೆಬ್ಬೆರಳಿನಿಂದ ಒತ್ತುವ ರೇಸಿನ ಲಿವರನ್ನು ಮುರಿಯುವಷ್ಟು ಒತ್ತಿದೆ. ಕೆಲಸದ ಹೆಣ್ಣುಮಕ್ಕಳು ನನಗಿಂತ ಮೊದಲೇ ಓಡಿಹೋಗಿ ಹಸಿ ಟೊಂಗೆಗಳಿಂದ ಬಡಿಯುತ್ತಿದ್ದರು. ಬೆಂಕಿ ಆರುವಷ್ಟರಲ್ಲಿ ಬದುವಿನ ಪಕ್ಕದ ಕಬ್ಬೆಲ್ಲ ಕರಕಾಗಿತ್ತು. ಬೇಗ ತಲುಪಿದ್ದರೆ ಉಳಿಯುತ್ತಿತ್ತೋ ಇಲ್ಲವೋ, ಗೊತ್ತಿಲ್ಲ.

ಬದುವಿನ ಮೇಲೆ ಕೂತು ಹೆಬ್ಬೆರಳು ತಿಕ್ಕಿಕೊಳ್ಳುವಾಗ ಹೊಳೆಯಿತು: ಮೊದಲೆಲ್ಲ ಆ ಲಿವರ್ ಹಿಡಿಕೆಗೆ ತಾಗುವ ತನಕ ಒಳಗೆ ಹೋಗುತ್ತಿತ್ತು. ಈಗ ಅರ್ಧಕ್ಕೇ ನಿಲ್ಲುತ್ತಿದೆ. ಬಗ್ಗಿ ನೋಡಿದೆ. ಲಿವರಿನ ಡಬ್ಬಿಯ ಬದಿಯಲ್ಲಿ ಒಂದು ಸ್ಕ್ರೂ, ಅದರ ತಲೆಯ ಮೇಲೆ ಹೊಸ ಗೀರು. ಯಾರೋ ಅದನ್ನು ಒಳಗೆ ತಿರುಗಿಸಿ, ಲಿವರ್ ಮುಂದಕ್ಕೆ ಹೋಗದಂತೆ ಅಡ್ಡ ನಿಲ್ಲಿಸಿದ್ದರು. ನಟ್ಟು ಸಡಿಲಿಸಿ ಸ್ಕ್ರೂ ಹಿಂದಕ್ಕೆ ತಿರುಗಿಸಿದೆ. ಗಾಡಿ ಏರಿ ಒತ್ತಿದರೆ ಸೆರಗು ಹಾರುವಂತೆ ಓಡಿತು.

ಖುಷಿಯಾಗಲಿಲ್ಲ. ಮೈ ಉರಿಯಿತು. ಹಾಗೇ ಬೈಲಹೊಂಗಲದ ಬಸ್ಸು ಹತ್ತಿ ಗ್ಯಾರೇಜಿಗೆ ಹೋದೆ.

"ಸ್ಕ್ರೂ ಯಾರು ಬಿಗಿದ್ರು?"

ಅವನು ಕೈ ಒರೆಸಿಕೊಂಡ. "ಸರ ಹೇಳಿದ್ರ್ಯಕ್ಕಾರ. ನಿಮಗ ಹೇಳಬ್ಯಾಡ ಅಂದಿದ್ರು."

"ಗಾಡಿ ಯಾರದು?"

ಅವನು ಪಾನಾ ಎತ್ತಿಕೊಂಡು ಇನ್ನೊಂದು ಬೈಕಿನ ಕಡೆ ತಿರುಗಿದ.

ಸಂಜೆ ಯಜಮಾನರು ಚಪ್ಪಲಿ ಬಿಡುವ ಮೊದಲೇ ಕೇಳಿದೆ. "ಹೌದು, ನಾನ ಹೇಳಿದ್ದೆ," ಅಂದರು. "ಕಾಲುವಿ ದಂಡಿ ಮ್ಯಾಲೆ ನೀ ಹೋಗೂದು ನೋಡಿ ಜೀವ ಹಾರತಿತ್ತು. ನಿನ್ನ ಸಲುವಾಗೇ ಮಾಡಿದ್ದು."

"ನನ್ನ ಸಲುವಾಗಿ ಮಾಡಿದ್ದು ನನಗ್ಯಾಕ ಹೇಳಲಿಲ್ರಿ?"

"ಹೇಳಿದ್ರ ನೀ ಕೇಳತಿದ್ದಿಲ್ಲ."

"ಕೇಳತಿದ್ದಿಲ್ಲ. ಜಗಳಾ ಮಾಡತಿದ್ದೆ. ಮಾಡಬೇಕಾಗಿತ್ತು. ಕಿತ್ತೂರಾಗ ಎಲ್ಲಾ ಗೊತ್ತಿದ್ದೂ ಬ್ಯಾಟರಿ ಹಿಡ್ಕೊಂಡು ನಿಂತಿದ್ರೆಲ್ಲಾ! ಅಂವ ನನ್ನ ನೋಡಿ ನಕ್ಕಾಗ ನಿಮಗೇನೂ ಅನಸಲಿಲ್ಲ?"

ಅವರು ಚಪ್ಪಲಿ ಬಿಟ್ಟು ಒಳಗೆ ಹೋದರು. ಅಂಜಿಕೆ ಸುಳ್ಳೆಂದು ನಾನು ಅನ್ನುವುದಿಲ್ಲ. ಆದರೆ ಅಂಜಿಕೆ ಅವರದು, ತೆವಳಿದ್ದು ನಾನು. ನನ್ನ ಕಣ್ಣು, ನನ್ನ ಕಿವಿ, ನನ್ನ ಕೈಯ ಮೇಲೆ ನನಗೇ ಅನುಮಾನ ಬರುವ ಹಾಗೆ ಮಾಡಿದ್ದರಲ್ಲ, ಅದು ಸುಟ್ಟ ಕಬ್ಬಿಗಿಂತ ಹೆಚ್ಚು ಉರಿಯಿತು. ವಾರ ಕಳೆದ ಮೇಲೆ ಊಟಕ್ಕೆ ಕೂತಾಗ, ತಟ್ಟೆ ನೋಡುತ್ತಲೇ "ತಪ್ಪಾತು" ಅಂದರು. ಇನ್ನೊಂದು ರೊಟ್ಟಿ ಹಾಕಿದೆ. ಸಿಟ್ಟು ಮಾತ್ರ ಇನ್ನೂ ಪೂರ್ತಿ ಇಳಿದಿಲ್ಲ, ಇಳಿಸಿಕೊಳ್ಳುವ ಅವಸರವೂ ನನಗಿಲ್ಲ.

ಮೊನ್ನೆ ಸರ್ವಿಸಿಗೆ ಅದೇ ಬೈಲಹೊಂಗಲದ ಗ್ಯಾರೇಜಿಗೆ ನಾನೇ ಹೋದೆ. ಕೆಲಸ ಮುಗಿಯುವ ತನಕ ಗಾಡಿಯ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತೆ. ಮೆಕ್ಯಾನಿಕ್ ಸ್ಕ್ರೂಡ್ರೈವರ್ ಹಿಡಿದು ಮೊದಲ ಸಲ ನನ್ನ ಮುಖ ನೋಡಿ ಕೇಳಿದ, "ಅಕ್ಕಾರ, ಸ್ಪೀಡ್ ಎಷ್ಟ ಇಡಲ್ರಿ?"

"ಕೈ ತಗೀ," ಅಂದೆ. "ಅದನ್ನ ನಾ ಆಗಲೇ ಇಟ್ಟೇನಿ."